ಹಾಲು ಬತ್ತಿದ ಹಸುವಿಗೆ ಖನಿಜ ಮಿಶ್ರಣ: ಕೆಚ್ಚಲು ಬಾವು ತಡೆಯುವುದು ಹೇಗೆ?

ಶಿರಸಿ ಸುತ್ತಮುತ್ತಲಿನ ಎಷ್ಟೋ ಕೊಟ್ಟಿಗೆಗಳಲ್ಲಿ ಹಸು ಹಾಲು ನಿಲ್ಲಿಸಿದ ದಿನವೇ ಖನಿಜ ಮಿಶ್ರಣವೂ ನಿಲ್ಲುತ್ತದೆ. ಕರು ಹಾಕಿದ ವಾರದಲ್ಲೇ ಕೆಚ್ಚಲು ಗಟ್ಟಿಯಾಗಿ ಹಾಲು ಒಡೆದು ಬರುವ ಕೆಚ್ಚಲು ಬಾವಿಗೆ ಇದೂ ಒಂದು ಕಾರಣ.

ಕರು ಹಾಕುವ ದಿನಕ್ಕೆ ಸುಮಾರು 60 ದಿನ ಮೊದಲು ಹಾಲು ಬತ್ತಿಸಿ; ಆ ದಿನಗಳಲ್ಲೂ ಖನಿಜ ಮಿಶ್ರಣ ನಿಲ್ಲಿಸಬೇಡಿ.

ಖನಿಜ ಮಿಶ್ರಣ ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. ಸತು, ತಾಮ್ರ, ಸೆಲೆನಿಯಂ ಇವೆಯೇ ಓದಿ. ಮೊಲೆತೊಟ್ಟಿನ ರಂಧ್ರವನ್ನು ಮುಚ್ಚಿ ಕಾಯುವ ಕೆರಾಟಿನ್ ಪದರಕ್ಕೆ ಸತು ಬೇಕು. ಒಳನುಗ್ಗಿದ ಬ್ಯಾಕ್ಟೀರಿಯಾವನ್ನು ಬಿಳಿ ರಕ್ತಕಣಗಳು ಕೊಲ್ಲಬೇಕಾದರೆ ಸೆಲೆನಿಯಂ ಮತ್ತು ಇ ಜೀವಸತ್ವ ಬೇಕು. ಸೆಲೆನಿಯಂ ಅನ್ನು ಬಿಡಿಯಾಗಿ ತಂದು ಹಾಕಲೇಬೇಡಿ. ಸ್ವಲ್ಪ ಹೆಚ್ಚಾದರೂ ವಿಷ, ಬಾಲದ ಕೂದಲು ಉದುರಿ ಗೊರಸು ಬಿರಿಯುತ್ತದೆ.

ಕೆಲಸ ಕೆಡುವುದು ತಿನ್ನಿಸುವಾಗ. ಬಹುತೇಕರು ಪುಡಿಯನ್ನು ಅಕ್ಕಚ್ಚಿನ ಬಕೆಟ್ಟಿಗೆ ಸುರಿಯುತ್ತಾರೆ. ಹಸು ಕುಡಿದು ಮುಗಿಸಿದ ಮೇಲೆ ಬಕೆಟ್ಟಿನ ತಳಕ್ಕೆ ಬೆರಳು ಹಾಕಿ ನೋಡಿ: ಬೂದು ಬಣ್ಣದ ಕೆಸರು ಅಂಟಿರುತ್ತದೆ. ನೀವು ಕೊಟ್ಟ ದುಡ್ಡು ಅಲ್ಲಿದೆ. ಬಿಸಿ ಗಂಜಿಗೆ ಬೆರೆಸಿದರೆ ಜೀವಸತ್ವಗಳೂ ಹಾಳು. ದೊಡ್ಡ ಹಸುವಿಗೆ ದಿನಕ್ಕೆ 50 ಗ್ರಾಂ ತೂಗಿ, ಮೊದಲು ಒಂದು ಹಿಡಿ ಹಿಂಡಿಗೆ ಕೈಯಿಂದ ತಿಕ್ಕಿ ಬೆರೆಸಿ. ಅದನ್ನು ಉಳಿದ ಹಿಂಡಿಗೆ ಸೇರಿಸಿ, ಪುಡಿ ಹಾರದಷ್ಟು ಮಾತ್ರ ನೀರು ಚಿಮುಕಿಸಿ, ಕೂಡಲೇ ಕೊಡಿ. ಮೂಸಿ ಬಿಟ್ಟರೆ ಬೆಲ್ಲ ಸೇರಿಸಿ, ಕಾಲು ಭಾಗದಿಂದ ಆರಂಭಿಸಿ ವಾರದಲ್ಲಿ ಪೂರ್ತಿ ಪ್ರಮಾಣಕ್ಕೆ ಬನ್ನಿ. ಸಣ್ಣ ಮೈಯ ನಾಟಿ ತಳಿ ಮಲೆನಾಡು ಗಿಡ್ಡಕ್ಕೆ ಇಷ್ಟು ಬೇಡ, ಪ್ರಮಾಣವನ್ನು ಪಶುವೈದ್ಯರಿಂದಲೇ ಕೇಳಿಕೊಳ್ಳಿ.

ನಮ್ಮ ಮಳೆಗಾಲದಲ್ಲಿ ತೆರೆದ ಪೊಟ್ಟಣ ಬೇಗ ತೇವ ಹಿಡಿಯುತ್ತದೆ. ಒಂದು ಕಿಲೋ ಪೊಟ್ಟಣವನ್ನೇ ತನ್ನಿ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಗಂಟುಕಟ್ಟಿದ್ದನ್ನು ಅಗ್ಗಕ್ಕೆ ಕೊಡುವ ಅಂಗಡಿಗೆ ಹೋಗಬೇಡಿ.

ಹಸಿ ಹುಲ್ಲಿನಲ್ಲಿ ಇ ಜೀವಸತ್ವ ಧಾರಾಳ, ಒಣಹುಲ್ಲಿನಲ್ಲಿ ತೀರಾ ಕಡಿಮೆ. ಆದ್ದರಿಂದ ಬೇಸಿಗೆಯಲ್ಲಿ ಕರು ಹಾಕುವ ಮಿಶ್ರತಳಿ ಹಸುವಿಗೆ ದಿನಕ್ಕೆ ಸುಮಾರು 1000 ಐಯು (ಜೀವಸತ್ವ ಅಳೆಯುವ ಅಂತರರಾಷ್ಟ್ರೀಯ ಮಾನ) ಇ ಜೀವಸತ್ವ ಬೇಕಾದೀತು; ವೈದ್ಯರ ಚೀಟಿ ಪಡೆದೇ ಕೊಡಿ. ಕರು ಹಾಕುವ ಮುಂಚಿನ ಕೊನೆಯ ಮೂರು ವಾರ ಕ್ಯಾಲ್ಸಿಯಂ ಟಾನಿಕ್ ಕುಡಿಸಲೇಬೇಡಿ, ಅದರಿಂದ ಹಾಲುಜ್ವರದ (ಕರು ಹಾಕಿದಾಗ ರಕ್ತದ ಕ್ಯಾಲ್ಸಿಯಂ ಕುಸಿದು ಹಸು ಏಳಲಾಗದ ರೋಗ) ಅಪಾಯ ಹೆಚ್ಚುತ್ತದೆ.

ಒದ್ದೆ ದರಕಿನ (ಹಾಸುವ ತರಗೆಲೆ) ಮೇಲೆ ಮಲಗುವ ಹಸುವನ್ನು ಯಾವ ಖನಿಜವೂ ಕಾಯಲಾರದು. ಹಾಸು ದಿನವೂ ಬದಲಿಸಿ. ಕರು ಹಾಕಿದ ಮೇಲೆ, ಹಾಲು ಕರೆದ ಕೂಡಲೇ ಹುಲ್ಲು ಹಾಕಿ; ತೊಟ್ಟಿನ ರಂಧ್ರ ಮುಚ್ಚಿಕೊಳ್ಳುವವರೆಗೆ, ಅರ್ಧ ಗಂಟೆಯಾದರೂ ಅದು ನಿಂತೇ ಇರಲಿ. ಕೆಚ್ಚಲು ಬಿಸಿಯಾಗಿದ್ದರೆ ಅಂದೇ ಪಶುವೈದ್ಯರನ್ನು ಕರೆಸಿ.