ಒಂದೇ ಬದು, ಎರಡು ಡ್ರೋನ್: ಡಿಕ್ಕಿ ತಪ್ಪಿಸಿದ ನನ್ನ ಅನುಭವ

ಈ ಸಲದ ತೊಗರಿ ಸೀಸನ್ ಮುಗಿಯಿತು. ಎರಡು ಡ್ರೋನ್ ಒಂದೇ ಬದುವಿನಿಂದ ಎಬ್ಬಿಸಿ, ಅಲ್ಲೇ ಇಳಿಸಿ, ಸಾವಿರದ ಮೇಲೆ ಎಕರೆಗೆ ಔಷಧಿ ಹೊಡೆದೆವು. ಒಂದು ಪ್ರೊಪೆಲ್ಲರ್ ಕೂಡ ಮುರಿಯಲಿಲ್ಲ. "ಎರಡೂ ಕೂಡೇ ಹಾರಸಬ್ಯಾಡೋ, ಮತ್ತ ಡಿಕ್ಕಿ ಹೊಡಸ್ತಿ" ಅಂತಿದ್ದ ಬಸವನ ಬಾಗೇವಾಡಿ ಕಡೆಯ ಗೆಳೆಯರೇ ಈಗ ಹೆಂಗ ಮಾಡಿದಿ ಅಂತ ಫೋನ್ ಮಾಡುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

"ಮತ್ತ" ಅನ್ನುವ ಮಾತು ಸುಮ್ನೆ ಬಂದದ್ದಲ್ಲ. ಎರಡು ವರ್ಷದ ಹಿಂದೆ, ತೊಗರಿ ಹೂ ಬಿಟ್ಟು ಕಾಯಿಕೊರಕ ಬಿದ್ದ ವಾರ. ಎಲ್ಲರಿಗೂ ನಾಳೆಯೇ ಹೊಡೆಯಬೇಕು. ನಾನೂ ಚಿಕ್ಕಪ್ಪನ ಮಗನೂ, ಇಬ್ಬರಿಗೂ ಪೈಲಟ್ ಸರ್ಟಿಫಿಕೇಟ್ ಇದೆ, ಹತ್ತತ್ತು ಲೀಟರಿನ ಎರಡು ಡ್ರೋನ್ ತಗೊಂಡು ಒಂದೇ ಬದುವಿಗೆ ನಿಂತೆವು. ಡ್ರೋನ್ ಎದ್ದು ಇಳಿಯಲು ಹಾಸಿದ ತಾಡಪತ್ರಿಗಳ ನಡುವೆ ಏಳೆಂಟು ಮೀಟರ್ ಇರಬಹುದು. ಎರಡರ ಟ್ಯಾಂಕೂ ಒಂದೇ ಹೊತ್ತಿಗೆ ಖಾಲಿಯಾದವು, ಎರಡೂ ತಾವೇ ಆರ್‌ಟಿಎಚ್‌ಗೆ, ಅಂದರೆ ಎದ್ದ ಜಾಗಕ್ಕೆ ತಾನಾಗಿ ವಾಪಸ್ ಬರುವ ಮೋಡ್‌ಗೆ, ಹೋದವು. ವಾಪಸ್ ಬರುವ ಎತ್ತರ ಎರಡರಲ್ಲೂ ಕಂಪನಿ ಕೊಟ್ಟದ್ದೇ, ಅಂದರೆ ಒಂದೇ. ಒಂದು ಹೊಲದ ಎಡ ಮೂಲೆಯಿಂದ, ಇನ್ನೊಂದು ಬಲ ಮೂಲೆಯಿಂದ ಬಂದು ನಮ್ಮ ತಲೆಯ ಮುಂದೆಯೇ ಕೂಡಿಕೊಂಡವು. ಎರಡು ಆರ್ಮ್, ಐದು ಪ್ರೊಪೆಲ್ಲರ್, ಒಂದು ಪಂಪ್, ಬ್ಯಾಟರಿ ಒಂದು ಉಬ್ಬಿಹೋಯಿತು. ಎಪ್ಪತ್ತು ಸಾವಿರ ಹತ್ತಿರ ಹೋಯಿತು. ವಿಮೆ ಬೇರೆಯವರಿಗೆ ಆದ ಹಾನಿಗೆ ಮಾತ್ರ ಅಂತ ಅವತ್ತು ಗೊತ್ತಾಯಿತು.

ಆಮೇಲೆ ಎತ್ತರ ಬೇರೆ ಮಾಡಿದೆ. ಒಂದು ಹದಿನೈದು ಮೀಟರ್, ಇನ್ನೊಂದು ಇಪ್ಪತ್ತು. ಮುಗೀತು ಅಂದುಕೊಂಡೆ. ಇಲ್ಲ. ಡ್ರೋನ್ ತನ್ನ ಎತ್ತರ ಅಳೆಯುವುದು ತಾನು ಎದ್ದ ಜಾಗದಿಂದ, ಅಲ್ವಾ? ನನ್ನ ಎರಡನೇ ತಾಡಪತ್ರಿ ಇಳಿಜಾರಿನಲ್ಲಿ ಎರಡು ಮೀಟರ್ ಕೆಳಗಿತ್ತು. ಮೇಲೆ ಬಿಸಿಲು, ಗಾಳಿಯ ಒತ್ತಡದಿಂದ ಎತ್ತರ ಅಳೆಯುವ ಬ್ಯಾರೋಮೀಟರ್ ಬೇರೆ ಜಾರುತ್ತದೆ. ಐದು ಮೀಟರ್ ಅಂತರ ಎರಡಕ್ಕೋ ಒಂದೂವರೆಗೋ ಬಂದಿತ್ತು. ಮೇಲಿನ ಡ್ರೋನಿನ ಗಾಳಿಗೆ ಕೆಳಗಿನದು ಕುಸಿದು ತೊಗರಿ ಸವರಿಕೊಂಡು ಹೋಯಿತು. ಹನ್ನೆರಡು ಮೀಟರಿಗಿಂತ ಕಡಿಮೆ ಅಂತರ ಇಡಬೇಡಿ, ಇದು ನನ್ನ ದುಡ್ಡು ಕೊಟ್ಟು ಕಲಿತದ್ದು.

ಇನ್ನೊಂದು ಪೆಟ್ಟು ನಮ್ಮ ಸಹಾಯಕ್ಕಿರುವ ಹುಡುಗನಿಂದ ಬಿತ್ತು. ನೆರಳಿದೆ ಅಂತ ಎರಡನೇ ಡ್ರೋನನ್ನು ಮೊದಲನೆಯದರ ತಾಡಪತ್ರಿಗೆ ಹೊತ್ತು ತಂದು ಬ್ಯಾಟರಿ ಬದಲಿಸಿದ, ಅಲ್ಲಿಂದಲೇ ಎಬ್ಬಿಸಿದೆವು. ಹೋಮ್ ಪಾಯಿಂಟ್, ಅಂದರೆ ವಾಪಸ್ ಬಂದು ಇಳಿಯುವ ಜಾಗ, ಅಲ್ಲೇ ಕೂತಿತು. ವಾಪಸ್ ಬರುವಾಗ ನೇರ ಮೊದಲನೆಯದರ ತಲೆ ಮೇಲೆ. ಸ್ಟಿಕ್ ಹಿಡಿದು ಎಳೆದುಕೊಂಡದ್ದಕ್ಕೆ ಉಳಿಯಿತು. ಈಗ ಒಂದು ತಾಡಪತ್ರಿ ನೀಲಿ, ಒಂದು ಹಳದಿ, ಡ್ರೋನಿನ ಕಾಲಿಗೂ ಅದೇ ಬಣ್ಣದ ಟೇಪು.

ದಾರಿ ಸಿಕ್ಕಿದ್ದು ದೊಡ್ಡ ವಿಮಾನಗಳಿಂದ. ನಮ್ಮ ವಿಜಯಪುರದ ಬುರಣಾಪುರ ವಿಮಾನ ನಿಲ್ದಾಣದಲ್ಲಿ ರನ್‌ವೇ ಒಂದೇ, ಬೆಂಗಳೂರಿಗೆ 2019ರ ಡಿಸೆಂಬರ್‌ನಿಂದ ಎರಡು. ಜೋಡಿ ರನ್‌ವೇಗೆ ಒಟ್ಟೊಟ್ಟಿಗೆ ಇಳಿಸುವ ಕಡೆ, ಎರಡೂ ವಿಮಾನ ತಮ್ಮ ತಮ್ಮ ರನ್‌ವೇಯ ನೇರ ಸಾಲಿಗೆ ಬರುವ ತನಕ ಒಂದು ಇನ್ನೊಂದಕ್ಕಿಂತ 1,000 ಅಡಿ ಮೇಲಿರಬೇಕು, ಇಲ್ಲವೇ ಪಕ್ಕದಲ್ಲಿ ಸಾಕಷ್ಟು ದೂರ ಇರಬೇಕು. ಎರಡು ಸಾಲಿನ ನಡುವೆ ಕನಿಷ್ಠ 610 ಮೀಟರ್ ಅಗಲದ ಒಂದು ಪಟ್ಟಿ, ನೋ ಟ್ರಾನ್ಸ್‌ಗ್ರೆಶನ್ ಝೋನ್. ಅದರೊಳಗೆ ಯಾರೂ ಕಾಲಿಡುವಂತಿಲ್ಲ. ಒಂದು ವಿಮಾನ ತಪ್ಪಿ ಪಟ್ಟಿಯೊಳಗೆ ನುಗ್ಗಿತು ಅಂದರೆ ಕಂಟ್ರೋಲರ್ ಜಾಗ ಖಾಲಿ ಮಾಡಿಸುವುದು ಯಾರನ್ನು? ತಪ್ಪೇ ಮಾಡದೆ ನೆಟ್ಟಗೆ ಬರುತ್ತಿರುವ ಇನ್ನೊಂದನ್ನು! ಯಾಕಂದರೆ ದಾರಿ ತಪ್ಪಿದವನಿಗೆ ಮಾತು ಕೇಳಿಸುತ್ತಿದೆಯೋ ಇಲ್ಲವೋ ಯಾರಿಗೆ ಗೊತ್ತು.

ಇದನ್ನು ಓದಿ ನಾನು ತಲೆ ಚಚ್ಚಿಕೊಂಡೆ. ಅಲ್ಲಿಯವರೆಗೆ ನಾವಿಬ್ಬರೂ ಮಾಡುತ್ತಿದ್ದದ್ದು ಉಲ್ಟಾ: ಹಾಳಾದ ಡ್ರೋನನ್ನೇ ಸರಿ ಮಾಡಲು ಒದ್ದಾಡುವುದು, ಒಳ್ಳೆಯದನ್ನು ಅದರ ಪಾಡಿಗೆ ಬಿಡುವುದು.

ಈಗ ತಾಡಪತ್ರಿಗಳ ನಡುವೆ ಮೂವತ್ತು ಮೀಟರ್. ನಡುವೆ ಹತ್ತು ಮೀಟರ್ ಪಟ್ಟಿ. ಮೊದಲು ಸುಣ್ಣದಲ್ಲಿ ಕಬಡ್ಡಿ ಅಂಗಳದ ಹಾಗೆ ಗೆರೆ ಹಾಕಿದೆ, ಎರೆ ಮಣ್ಣಿನಲ್ಲಿ ಚೆನ್ನಾಗಿ ಕಂಡಿತು, ಸಂಜೆ ಮಳೆಗೆ ಹೋಯಿತು. ಈಗ ಕೋಲಿಗೆ ಹಳೇ ಕೆಂಪು ಸೀರೆಯ ತುಂಡು. ಇದರಲ್ಲಿ ಇನ್ನೊಂದು ಲಾಭ, ಗಾಳಿ ಎತ್ತ ಕಡೆಯಿಂದ ಅಂತ ಕಾಣುತ್ತದೆ. ಆ್ಯಪಿನಲ್ಲಿ ಎರಡಕ್ಕೂ ಬೇರೆ ಬೇರೆ ಫೆನ್ಸ್ (ಡ್ರೋನ್ ದಾಟಬಾರದ ಗಡಿ), ಪಟ್ಟಿ ಎರಡರಿಂದಲೂ ಹೊರಗೆ. ಯಾವುದಾದರೂ ಒಂದು ಡ್ರೋನ್ ಕೆಂಪು ಬಟ್ಟೆ ದಾಟಿದರೆ ಅದನ್ನು ನೋಡುವುದೇ ಇಲ್ಲ, ಇನ್ನೊಬ್ಬ ತನ್ನದನ್ನು ಮೇಲೆತ್ತಿ ಹೊರಗಡೆಗೆ ತಿರುಗಿಸುತ್ತಾನೆ. ಈ ಸೀಸನ್‌ನಲ್ಲಿ ಇದು ಮೂರು ಸಲ ಬೇಕಾಯಿತು.

ವಾಕಿಟಾಕಿಗೆ ಮೂರೂವರೆ ಸಾವಿರ ಕೊಟ್ಟಿದ್ದೆ, ದಂಡ. ಗಾಬರಿಯಲ್ಲಿ ಇಬ್ಬರೂ ಒಟ್ಟಿಗೆ ಬಟನ್ ಒತ್ತುತ್ತೇವೆ, ಇಬ್ಬರಿಗೂ ಏನೂ ಕೇಳುವುದಿಲ್ಲ. ಈಗ ಪಿಟಿ ಮೇಷ್ಟ್ರ ಸೀಟಿ, ಮೂವತ್ತು ರೂಪಾಯಿ. ಒಂದು ಊದಿದರೆ ನೀಲಿ ಏರಬೇಕು, ಎರಡು ಊದಿದರೆ ಹಳದಿ. ಊದುವವನು ಹುಡುಗ, ಎರಡೂ ಗಾಳಿಯಲ್ಲಿರುವಾಗ ಅವನಿಗೆ ಬೇರೆ ಕೆಲಸ ಇಲ್ಲ.

ಆರ್‌ಟಿಕೆ, ಅಂದರೆ ಸೆಂಟಿಮೀಟರ್ ಲೆಕ್ಕದಲ್ಲಿ ಜಾಗ ಹಿಡಿಯುವ ಜಿಪಿಎಸ್, ಹಾಕಿಸು ಅಂದರು ಕೆಲವರು. ಲಕ್ಷದ ಮಾತು. ಇಳಿಯುವಾಗ ಎರಡು ಮೀಟರ್ ಅತ್ತಿತ್ತ ಆದರೆ ಮೂವತ್ತು ಮೀಟರಿನಲ್ಲಿ ಏನೂ ಆಗುವುದಿಲ್ಲ, ಬಿಟ್ಟೆ.

ಆದರೆ ಇದೆಲ್ಲ ತೊಂದರೆ ಬಂದಮೇಲಿನ ಮಾತು. ಎರಡೂ ಒಟ್ಟಿಗೆ ಬರದಂತೆ ಮಾಡುವುದೇ ಜಾಣತನ. ಎರಡನೆಯದನ್ನು ನಾಲ್ಕು ನಿಮಿಷ ತಡವಾಗಿ ಎಬ್ಬಿಸಿ ನೋಡಿದೆ, ಮೂರ್ನಾಲ್ಕು ಸುತ್ತಿಗೆ ಮತ್ತೆ ಒಂದಾಗುತ್ತವೆ, ಬ್ಯಾಟರಿ ಬದಲಿಸುವ ಹುಡುಗನ ಕೈ ಒಂದೊಂದು ಸಲ ನಿಧಾನ. ಕಡೆಗೆ ಟ್ಯಾಂಕಿನಲ್ಲೇ ಹಿಡಿದೆ: ಎರಡನೆಯದರ ಮೊದಲ ಟ್ಯಾಂಕ್ ಕಡಿಮೆ ತುಂಬಿಸಿ, ಆಮೇಲೆ ಎಷ್ಟನೇ ಸುತ್ತಿಗೆ ಮತ್ತೆ ಕಡಿಮೆ ಮಾಡಬೇಕು ಅಂತ ಒಂದು ಲೆಕ್ಕ ಇದೆ. ಆ ಲೆಕ್ಕ ಮಾತ್ರ ಕೇಳಬೇಡಿ, ನನ್ನ ಹೊಟ್ಟೆಪಾಡು. ಎರಡು ದಿನ ಗಡಿಯಾರ ಹಿಡಿದು ಕೂತರೆ ನಿಮಗೂ ಸಿಗುತ್ತದೆ.

ಒಂದು ಡ್ರೋನಿಗೆ ದಿನಕ್ಕೆ ಇಪ್ಪತ್ತೈದು ಎಕರೆ ಆಗುತ್ತಿತ್ತು, ಈಗ ಎರಡರಿಂದ ನಲವತ್ತೈದು. ಐವತ್ತು ಆಗಲ್ಲ, ಕಾಯುವುದರಲ್ಲಿ ಸ್ವಲ್ಪ ಹೋಗುತ್ತದೆ. ಆದರೂ ಟೆಂಪೊ ಒಂದೇ, ನೀರಿನ ಡ್ರಮ್ ಒಂದೇ, ಹುಡುಗ ಒಬ್ಬನೇ. ಎಕರೆಗೆ ನಾಲ್ಕು ನೂರರ ಲೆಕ್ಕದಲ್ಲಿ ಹಳೇ ಎಪ್ಪತ್ತು ಸಾವಿರ ಹತ್ತು ದಿನದಲ್ಲಿ ಎದ್ದಿತು.

ಮೂರನೆಯದನ್ನೂ ಅದೇ ಬದುವಿಗೆ ಹಾಕಿ ನೋಡಿದೆ, ಒಂದು ಬೆಳಿಗ್ಗೆ ಮಾತ್ರ. ಅಂಚಿನ ಎರಡಕ್ಕೆ ಹೊರಗಡೆ ತಿರುಗಲು ಜಾಗ ಇದೆ. ನಡುವಿನದಕ್ಕೆ ಎರಡೂ ಕಡೆ ಕೆಂಪು ಬಟ್ಟೆ, ಬರೀ ಮೇಲಕ್ಕೆ ಏರಬೇಕು, ತಿರುಗುವ ಹಾಗಿಲ್ಲ. ಸೀಟಿ ಊದುವ ಹುಡುಗ ಮೂರು ಊದಬೇಕಾ ಎರಡು ಊದಬೇಕಾ ಅಂತ ನನ್ನನ್ನೇ ಕೇಳಿದ. ಸದ್ಯಕ್ಕೆ ಮೂರನೆಯದು ಪಕ್ಕದ ಹೊಲದ ಬದುವಿಗೆ.