ಗಾಡಿಯಲ್ಲೇ ಮನೆ ಮಾಡಿಕೊಂಡು ಬಳ್ಳಾರಿ, ಕೊಪ್ಪಳ, ರಾಯಚೂರು ಸುತ್ತುವುದು ಹೇಗೆ

ಅಮೆರಿಕದ ನಡುನಾಡಿನಲ್ಲಿ ಗಂಡ-ಹೆಂಡತಿ ಆರ್‌ವಿ ಎಂಬ ಮನೆಯಂಥ ದೊಡ್ಡ ಗಾಡಿಯಲ್ಲಿ ವಾರಗಟ್ಟಲೆ ತಿರುಗುವ ವಿಡಿಯೊ ನೋಡಿ, ನಮ್ಮ ಸೀಮೆಯಲ್ಲೂ ಹಾಗೊಂದು ಸುತ್ತು ಹಾಕಬೇಕೆಂದು ಆಸೆಪಡುವವರಿದ್ದಾರೆ. ಖಂಡಿತ ಹಾಕಬಹುದು. ಆದರೆ ಅಲ್ಲಿಯ ಕ್ಯಾಂಪ್‌ಗ್ರೌಂಡುಗಳಲ್ಲಿ ಗಾಡಿ ನಿಂತ ಕಡೆಯೇ 30 ಇಲ್ಲವೆ 50 ಆಂಪಿಯರ್ ಕರೆಂಟು, ನೀರಿನ ನಳ, ಹೊಲಸು ಬಿಡುವ ಕೊಳವೆ ಸಿಗುತ್ತವೆ. ನಮ್ಮಲ್ಲಿ ಮೂರನ್ನೂ ಮೂರು ಕಡೆ ಹುಡುಕಬೇಕು, ಹುಡುಕಲು ಹಗಲು ಬೇಕು. ಅದಕ್ಕೇ ಇಡೀ ಪಯಣವನ್ನು ಒಂದು ಲೆಕ್ಕದ ಮೇಲೆ ಕಟ್ಟಿರಿ: ದಿನಕ್ಕೆ 80 ಕಿ.ಮೀ. ಸುಮಾರಿಗೆ ನಿಲ್ಲಿಸಿ, ಸಂಜೆ 4ರೊಳಗೆ ರಾತ್ರಿಯ ಜಾಗ ಹಿಡಿಯಿರಿ, ಪ್ರತಿ ಮೂರನೇ ದಿನ ಗಾಡಿ ಹೊರಡಿಸಲೇಬೇಡಿ.

ಕಾಲ ನವೆಂಬರ್ ನಡುವಿನಿಂದ ಫೆಬ್ರುವರಿ ಮೊದಲ ವಾರದವರೆಗೆ. ಮಾರ್ಚ್ ಬಂದರೆ ತಗಡಿನ ಗಾಡಿಯೊಳಗೆ ರಾತ್ರಿ ಹತ್ತಾದರೂ ಸೆಕೆ ಇಳಿಯದು. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 42 ಡಿಗ್ರಿ ದಾಟುತ್ತದೆ, ಆಗ ಈ ಯೋಚನೆಯೇ ಬೇಡ.

ಗಾಡಿ ಮತ್ತು ಕಾಗದ

ಮೊದಲ ಸಲ ಹೊರಡುವವರು ಬಾಡಿಗೆ ಗಾಡಿಯನ್ನೇ ತೆಗೆದುಕೊಳ್ಳುವುದು ಒಳ್ಳೆಯದು. ಇಂಥ ಗಾಡಿಗಳಿಗೆಂದೇ ಇರುವ ಎಐಎಸ್-124 ಮಾನದಂಡದಂತೆ ಕಟ್ಟಿ, ಆರ್‌ಸಿಯಲ್ಲೇ ಮೋಟಾರ್ ಕ್ಯಾರವಾನ್ ಎಂದು ನಮೂದಾದ ಗಾಡಿ ಕೇಳಿ. ಸ್ವಂತ ಟ್ರಾವೆಲರ್ ತರಹದ ಗಾಡಿ ಇದ್ದರೆ, ಸೀಟು ಕಿತ್ತು ಬಾಡಿ ಕೊಯ್ಯಲು ಹೋಗಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸಲು ಆರ್‌ಟಿಒ ಒಪ್ಪಿಗೆ ಬೇಕು. ಒಪ್ಪಿಗೆಯಿಲ್ಲದ ಗಾಡಿ ಅಪಘಾತಕ್ಕೆ ಸಿಕ್ಕರೆ ವಿಮೆ ಕಂಪನಿ ಮೊದಲು ಹಿಡಿಯುವುದು ಅದನ್ನೇ. ಎತ್ತಿ ಹೊರಗಿಡಬಹುದಾದ ಮಂಚ, ಎತ್ತಿ ಹೊರಗಿಡಬಹುದಾದ ಅಡುಗೆ ಪೆಟ್ಟಿಗೆ ಸಾಕು. ಮಂಚಕ್ಕೆ 6 ಅಡಿ ಉದ್ದ, 4 ಅಡಿ ಅಗಲದ 12 ಮಿ.ಮೀ. ಪ್ಲೈವುಡ್, ಕೆಳಗೆ ಕಬ್ಬಿಣದ ಚೌಕಟ್ಟು. ಬೋಲ್ಟುಗಳಿಗೆ ಒಳಗೆ ನೈಲಾನ್ ಉಂಗುರವಿರುವ ನೈಲಾಕ್ ನಟ್ ಹಾಕಿಸಿ, ಸಾದಾ ನಟ್ಟು ನಮ್ಮ ಹಂಪುಗಳಿಗೆ ನಾಲ್ಕೇ ದಿನದಲ್ಲಿ ಸಡಿಲಾಗುತ್ತದೆ. ಹಾಸಿಗೆ 3 ಇಂಚಿನ ತೆಂಗಿನ ನಾರಿನದಿರಲಿ. ಫೋಮು ಬೆನ್ನಿಗೆ ಬೆವರು ಹಿಡಿಸುತ್ತದೆ.

ಎಲ್ಲ ತುಂಬಿದ ಮೇಲೆ, ನೀರು, ಡೀಸೆಲ್, ಇಬ್ಬರೂ ಕೂತು, ಒಮ್ಮೆ ಲಾರಿ ಕಾಟಾದ ಮೇಲೆ ಹತ್ತಿಸಿ. ಸಿಂಧನೂರು, ಗಂಗಾವತಿ, ರಾಯಚೂರಿನಲ್ಲಿ ಭತ್ತ, ಹತ್ತಿಯ ವ್ಯಾಪಾರದಿಂದಾಗಿ ಕಾಟಾಗಳಿಗೆ ಕೊರತೆಯಿಲ್ಲ, ಬಳ್ಳಾರಿಯಲ್ಲೂ ಸಿಗುತ್ತವೆ. ಮೊದಲು ಇಡೀ ಗಾಡಿ, ಆಮೇಲೆ ಹಿಂದಿನ ಗಾಲಿಗಳಷ್ಟೇ ತೂಗಿಸಿ. ಇಡೀ ತೂಕ ಆರ್‌ಸಿಯ ಮಿತಿಯೊಳಗಿದ್ದರೂ ನೀರಿನ ಟ್ಯಾಂಕನ್ನು ಗಾಡಿಯ ಕಟ್ಟಕಡೆಗೆ ಇಟ್ಟಿದ್ದರೆ ಹಿಂದಿನ ಆಕ್ಸಲ್ ಮಿತಿ ಮೀರಿರಬಹುದು, ಮುಂದಿನ ಗಾಲಿ ಹಗುರಾಗಿ ಸ್ಟೀರಿಂಗ್ ತೇಲಿದಂತಾಗುತ್ತದೆ. ಟ್ಯಾಂಕು ಎರಡು ಆಕ್ಸಲ್‌ಗಳ ನಡುವೆ, ತಗ್ಗಿನಲ್ಲಿರಲಿ.

ಕರೆಂಟಿನ ಲೆಕ್ಕ

ಒಂದು ರಾತ್ರಿಯ ಖರ್ಚು ಬರೆದು ನೋಡಿ. 20 ವಾಟಿನ ಎರಡು 12 ವೋಲ್ಟ್ ಫ್ಯಾನು 9 ತಾಸು ತಿರುಗಿದರೆ 360 ವಾಟ್-ಅವರ್. ದೀಪ 40, ಎರಡು ಮೊಬೈಲು 40, ನೀರಿನ ಪಂಪು 10. ಒಟ್ಟು 450. ಇದಕ್ಕೆ 40 ಲೀಟರಿನ ಫ್ರಿಜ್ ಸೇರಿಸಿದರೆ ಖರ್ಚು ಎರಡು ಪಟ್ಟಿನ ಹತ್ತಿರ ಬರುತ್ತದೆ. ಚಳಿಗಾಲದಲ್ಲಿ ಫ್ರಿಜ್ ಬೇಕಿಲ್ಲವೆಂದೇ ನಮ್ಮ ಅಭಿಪ್ರಾಯ. ಹಾಲು, ಮೊಸರು, ಕಾಯಿಪಲ್ಲೆ ಪ್ರತಿ ಊರಲ್ಲೂ ಮುಂಜಾನೆ ತಾಜಾ ಸಿಗುತ್ತವೆ.

12 ವೋಲ್ಟಿನ 150 ಎಎಚ್ (ಆಂಪಿಯರ್-ಅವರ್) ಟ್ಯೂಬುಲರ್, ಅಂದರೆ ಸೀಸ-ಆಮ್ಲದ ಬ್ಯಾಟರಿಯಲ್ಲಿ ಲೆಕ್ಕಕ್ಕೆ 1800 ವಾಟ್-ಅವರ್ ಇದ್ದರೂ ಅರ್ಧಕ್ಕಿಂತ ಹೆಚ್ಚು ಇಳಿಸಿದರೆ ಬಾಳಿಕೆ ಹೋಗುತ್ತದೆ. ಅಂದರೆ ಫ್ರಿಜ್ ಇಲ್ಲದೆ ಎರಡು ರಾತ್ರಿ. ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುವುದರಿಂದ ಮಲಗುವ ಜಾಗದಲ್ಲಿ ಇಡಲೇಬೇಡಿ. 100 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ತೂಕದಲ್ಲಿ ತೀರಾ ಹಗುರ, ಬಳಸಲು 1000 ವಾಟ್-ಅವರ್ ಕೊಡುತ್ತದೆ, ಆದರೆ ದುಬಾರಿ. ಎಂಜಿನ್‌ನಿಂದ ಚಾರ್ಜ್ ಮಾಡಲು ನಡುವೆ 30 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇರಲಿ, ತಂತಿ 10 ಚದರ ಮಿ.ಮೀ. ದಪ್ಪದ್ದಿರಲಿ. ತೆಳು ತಂತಿಯಲ್ಲಿ ವೋಲ್ಟೇಜ್ ದಾರಿಯಲ್ಲೇ ಸೋರಿ ಬ್ಯಾಟರಿ ತುಂಬುವುದೇ ಇಲ್ಲ, ಮೇಲಾಗಿ ತಂತಿ ಕಾಯುತ್ತದೆ. ಬ್ಯಾಟರಿಯ ಪ್ಲಸ್ ತುದಿಯಿಂದ ಒಂದು ಗೇಣಿನೊಳಗೆ ಫ್ಯೂಸ್ ಕಡ್ಡಾಯ. ಸೋಲಾರ್ ಪ್ಯಾನೆಲ್ ಚಾವಣಿಗೆ ಬಡಿಸುವ ಬದಲು ಮಡಚುವ 100 ವಾಟಿನದು, ಜೊತೆಗೆ 10 ಮೀಟರ್ ವೈರು ಕೊಳ್ಳಿ. ಗಾಡಿ ಬೇವಿನ ನೆರಳಲ್ಲಿ, ಪ್ಯಾನೆಲ್ ಬಿಸಿಲಲ್ಲಿ. ಟೊಂಗೆಯ ನೆರಳು ಪ್ಯಾನೆಲಿನ ಒಂದು ಮೂಲೆಗೆ ಬಿದ್ದರೂ ಉತ್ಪಾದನೆ ತೀರಾ ಕುಸಿಯುತ್ತದೆ.

ಗಾಡಿ ನಿಲ್ಲಿಸುವಾಗ ಮೂತಿ ಮೂಡಣಕ್ಕೆ ಮಾಡಿ. ಎಡಬದಿಯ ಬಾಗಿಲು ಬಡಗಣಕ್ಕೆ ಬಂದು ದಿನವಿಡೀ ನೆರಳಲ್ಲಿರುತ್ತದೆ, ಮುಂದಿನ ಗಾಜಿಗೆ ಎಳೆಬಿಸಿಲಷ್ಟೇ ತಾಗುತ್ತದೆ.

ನೀರು, ಗ್ಯಾಸು, ಸಂಡಾಸು

ಕುಡಿಯಲು, ಅಡುಗೆಗೆ ಇಬ್ಬರಿಗೂ ಸೇರಿ ದಿನಕ್ಕೆ 8 ಲೀಟರ್. ಸ್ನಾನ, ಪಾತ್ರೆಗೆ 30. ಹಾಗಾಗಿ 20 ಲೀಟರಿನ ಎರಡು ಕ್ಯಾನು, 80 ಲೀಟರಿನ ಒಂದು ಟ್ಯಾಂಕು. ಬೋರಿನ ನೀರನ್ನು ಕುದಿಸಿದರೆ ಸಾಕೆಂದು ತಿಳಿಯಬೇಡಿ. ಕೊಪ್ಪಳ, ರಾಯಚೂರಿನ ಹಲವು ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನಷ್ಟು ಗಟ್ಟಿಯಾಗುತ್ತದೆ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಸಿಕೊಳ್ಳಿ. ಡಬ್ಬಿ ತುಂಬ ಚಿಲ್ಲರೆ ಇಟ್ಟುಕೊಂಡಿರಿ. ಕರೆಂಟ್ ಹೋದಾಗ ಘಟಕ ನಿಂತಿರುತ್ತದೆ, ಆದ್ದರಿಂದ ಒಂದು ಕ್ಯಾನು ಖಾಲಿಯಾದ ಕೂಡಲೇ ತುಂಬಿಸಿ, ಎರಡನೆಯದಕ್ಕೆ ಕಾಯಬೇಡಿ.

ಗ್ಯಾಸಿಗೆ 5 ಕೆ.ಜಿ. ಸಿಲಿಂಡರ್, ಒಂದೇ ಒಲೆ. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ತುಂಬಿ ನಿಲ್ಲುತ್ತದೆ, ಮೇಲಿನ ಕಿಟಕಿ ತೆರೆದರೆ ಹೋಗದು. ಸಿಲಿಂಡರ್ ಇಡುವ ಪೆಟ್ಟಿಗೆಯ ತಳದಲ್ಲಿ ಹೊರಕ್ಕೆ ತೂತು ಇರಬೇಕು. ಬಾಗಿಲು ತೆರೆದೇ ಅಡುಗೆ ಮಾಡಿ, ಹೊರಗೆ ಮಾಡಿದರೆ ಇನ್ನೂ ಒಳ್ಳೆಯದು. ಗಾಡಿ ಓಡುವಾಗ ಸಿಲಿಂಡರಿನ ರೆಗ್ಯುಲೇಟರ್ ಬಂದ್ ಇರಲಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ ಮನೆಯಿಂದ ಕಟ್ಟಿಕೊಂಡರೆ ಮಧ್ಯಾಹ್ನಕ್ಕೆ ಒಲೆಯೇ ಬೇಡ. ಮುಂಜಾನೆಗೆ ಯಾವ ಊರಲ್ಲಾದರೂ ವಗ್ಗರಣಿ-ಮಿರ್ಚಿ ಬಿಸಿಬಿಸಿ ಸಿಗುತ್ತದೆ. ರಾತ್ರಿಗೆ 3 ಲೀಟರಿನ ಕುಕ್ಕರಲ್ಲಿ ಅನ್ನ, ಬೇಳೆ.

ಹೊಲಸಿನ ಡಬ್ಬಿ ಎಳೆದು ತೆಗೆಯಬಹುದಾದ 20 ಲೀಟರಿನ ಕ್ಯಾಸೆಟ್ ಸಂಡಾಸು ಇಬ್ಬರಿಗೆ ಮೂರು ದಿನ ಬರುತ್ತದೆ, ಅದನ್ನು ಬಂಕಿನವರ ಅಥವಾ ಲಾಡ್ಜಿನವರ ಸಂಡಾಸಿನಲ್ಲೇ ಖಾಲಿ ಮಾಡಿ, ಕೇಳಿ, ಹಣ ಕೊಟ್ಟು. ಯಾವ ಹೊಲಸನ್ನೂ ಕಾಲುವೆಗೆ ಬಿಡಬೇಡಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನೇ ಕೆಳಗಿನ ಊರುಗಳು ಕೆರೆ ತುಂಬಿಸಿಕೊಂಡು ಕುಡಿಯುತ್ತವೆ. ಕಾಲುವೆಯಲ್ಲಿ ಸ್ನಾನವೂ ಬೇಡ: ಇಳಿಜಾರು ಜಾರುತ್ತದೆ, ಸೆಳವಿಗೆ ಸಿಕ್ಕವರಿಗೆ ಹಿಡಿಯಲು ಏನೂ ಇರುವುದಿಲ್ಲ. ತುಂಗಭದ್ರೆ, ಕೃಷ್ಣೆ ಎರಡರಲ್ಲೂ ಮೊಸಳೆಗಳಿವೆ.

ಜಾಲಿಮುಳ್ಳು ಮತ್ತು ಎರೆಮಣ್ಣು

ಈ ಸೀಮೆಯಲ್ಲಿ ಗಾಡಿ ಕೆಡಿಸುವುದು ಇವೆರಡು. ರಸ್ತೆ ಬದಿಯಲ್ಲಿ ಬಳ್ಳಾರಿ ಜಾಲಿ ಕಡಿದು ಹಾಕಿದ ಜಾಗಕ್ಕೆ ಗಾಡಿ ಇಳಿಸಿದರೆ ಮುಳ್ಳು ಖಚಿತ. ನಿಲ್ಲಿಸುವ ಮೊದಲು ಒಬ್ಬರು ಇಳಿದು ನೆಲ ನೋಡಿ ಬರಲಿ. ಮುಳ್ಳು ಕಂಡ ಕೂಡಲೇ ಕೀಳಬೇಡಿ. ಸೀಮೆಸುಣ್ಣದಿಂದ ಗುರುತು ಮಾಡಿ, ಸೋಪಿನ ನೀರು ಸುರಿಯಿರಿ. ಗುಳ್ಳೆ ಬರದಿದ್ದರೆ ಮುಳ್ಳು ಒಳಗೆ ಮುಟ್ಟಿಲ್ಲ, ಇಕ್ಕಳದಿಂದ ನೇರ ಎಳೆಯಿರಿ, ಅಲುಗಿಸಿದರೆ ಮುರಿದು ತುದಿ ಉಳಿದು, ಮರುದಿನ ಒಳಕ್ಕೆ ಇಳಿಯುತ್ತದೆ. ಗುಳ್ಳೆ ಬಂದರೆ, ಟ್ಯೂಬ್‌ಲೆಸ್ ಟೈರಿನ ತೂತು ಮುಚ್ಚುವ ರಬ್ಬರಿನ ಪ್ಲಗ್ ಪಟ್ಟಿಯನ್ನು ಸೂಜಿಗೆ ಪೋಣಿಸಿ ಸಿದ್ಧವಿಟ್ಟುಕೊಂಡು ಆಮೇಲೆ ಮುಳ್ಳು ಕೀಳಿ. ಮುಳ್ಳಿನ ತೂತು ಸಣ್ಣದಾದ್ದರಿಂದ ಅರದ ಸೂಜಿಯಿಂದ ನಾಲ್ಕಾರು ಸಲ ಉಜ್ಜಿ ಅಗಲಿಸದೆ ಪ್ಲಗ್ ಹೋಗದು. ಪಟ್ಟಿ ಮುಕ್ಕಾಲು ಭಾಗ ಒಳಗೆ ತಳ್ಳಿ, ಸೂಜಿಯನ್ನು ಒಂದೇ ಎಳೆತಕ್ಕೆ ಹೊರತೆಗೆಯಿರಿ. ಹೊರಗುಳಿದಿದ್ದನ್ನು 3 ಮಿ.ಮೀ. ಬಿಟ್ಟು ಕತ್ತರಿಸಿ, ಗಾಳಿ ತುಂಬಿ, ಮತ್ತೆ ಸೋಪಿನ ನೀರಲ್ಲಿ ನೋಡಿ. ಟೈರಿನ ಪಕ್ಕೆಗೆ ಚುಚ್ಚಿದ್ದರೆ ಪ್ಲಗ್ ಹಾಕಬಾರದು, ಪಕ್ಕೆ ಮಡಚುತ್ತಲೇ ಇರುವುದರಿಂದ ಅದು ನಿಲ್ಲದು, ಸ್ಟೆಪ್ನಿ ಹಾಕಿ. ದೊಡ್ಡ ಗಾಳಿ ಪಂಪನ್ನು ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚಿದರೆ ಫ್ಯೂಸ್ ಹಾರಬಹುದು, ಬ್ಯಾಟರಿಗೇ ಕ್ಲಿಪ್ ಹಾಕುವಂಥದ್ದು ಕೊಳ್ಳಿ.

ಎರೆಮಣ್ಣಿನ ನಿಯಮ ಸರಳ: ಸಿಂಧನೂರು, ಮಾನ್ವಿ, ಲಿಂಗಸೂಗೂರು ಕಡೆ ಮಳೆ ಬಿದ್ದ ಮೂರು ದಿನ ಡಾಂಬರು ಬಿಟ್ಟು ಇಳಿಯಬೇಡಿ. ಮೇಲೆ ಒಣಗಿದಂತೆ ಕಂಡರೂ ಒಳಗೆ ಹಸಿ ಇರುತ್ತದೆ. ಕಾಲುವೆ ನೀರು ಬಿಟ್ಟ ಗದ್ದೆಯ ಬದಿಗೆ ಮಳೆಯೇ ಬೇಕಿಲ್ಲ. ಸಿಕ್ಕಿಬಿದ್ದರೆ ಎಕ್ಸಲರೇಟರ್ ಒತ್ತಿದಷ್ಟೂ ಗಾಲಿ ಕೆಳಗಿಳಿಯುತ್ತದೆ. ಟೈರಿನ ಗಾಳಿ ಅರ್ಧದ ಹತ್ತಿರ ಇಳಿಸಿ, ಗಾಲಿಯ ಮುಂದಿನ ಮಣ್ಣು ಕೆರೆದು, ಹಲಗೆ ಅಥವಾ ಭತ್ತದ ಹುಲ್ಲು ತುರುಕಿ, ಎರಡನೇ ಗೇರಿನಲ್ಲಿ ನಿಧಾನ ಎತ್ತಿ. ಆಗದಿದ್ದರೆ ಟ್ರ್ಯಾಕ್ಟರ್ ಕರೆಯಿರಿ, ಹಗ್ಗ ಬಂಪರಿಗಲ್ಲ, ಟೋಯಿಂಗ್ ಹುಕ್ಕಿಗೆ ಕಟ್ಟಿಸಿ. ಜಾಕಿನ ಕೆಳಗೆ ಇಡಲು ಒಂದಡಿ ಚೌಕದ ದಪ್ಪ ಹಲಗೆ ಗಾಡಿಯಲ್ಲಿ ಯಾವಾಗಲೂ ಇರಲಿ.

ಸುಗ್ಗಿಯಲ್ಲಿ ರಸ್ತೆಯ ಅರ್ಧಕ್ಕೆ ಭತ್ತ, ಮೆಕ್ಕೆಜೋಳ ಹರವಿರುತ್ತಾರೆ, ಸುತ್ತ ಕಲ್ಲಿಟ್ಟಿರುತ್ತಾರೆ. ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರೇಲರುಗಳು, ಅಗಲ ಮೀರಿ ಹೇರಿದ ಹತ್ತಿ ಗಾಡಿಗಳು ಬೇರೆ. ಕತ್ತಲಾದ ಮೇಲೆ ಓಡಿಸಬೇಡಿ ಎನ್ನುವುದಕ್ಕೆ ಇಷ್ಟು ಕಾರಣ ಸಾಕು.

ದಾರಿ

ಬಳ್ಳಾರಿಯಲ್ಲಿ ಕೋಟೆಗುಡ್ಡ, ಸಂಗನಕಲ್ಲಿನ ನವಶಿಲಾಯುಗದ ವಸ್ತುಗಳಿರುವ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯ ನೋಡಿ, ತೋರಣಗಲ್ಲಿನ ಮೇಲೆ ಸಂಡೂರಿಗೆ. ಈ ದಾರಿಯಲ್ಲಿ ಅದಿರು ಲಾರಿ ಹೆಚ್ಚು. ಕಿಟಕಿ ಮುಚ್ಚಿ, ಲಾರಿಯಿಂದ ದೂರ ಉಳಿಯಿರಿ. ಸಂಡೂರಿನಲ್ಲಿ ಎರಡು ರಾತ್ರಿ ಇದ್ದು ನಾರಿಹಳ್ಳ, ಲಂಬಾಣಿ ಕಸೂತಿ ಕೆಲಸ ನೋಡಿ. ಹೊಸಪೇಟೆ ದಾಟಿ ಮುನಿರಾಬಾದಿಗೆ ಬನ್ನಿ. ಹುಲಿಗೆಮ್ಮನ ಗುಡಿಯಿರುವ ಹುಲಿಗಿಗೆ ಮಂಗಳವಾರ, ಶುಕ್ರವಾರ, ಹುಣ್ಣಿಮೆ ಬಿಟ್ಟು ಬೇರೆ ದಿನ ಹೋದರೆ ಗಾಡಿಗೆ ಜಾಗವಿರುತ್ತದೆ. ಜನವರಿಯ ಗವಿಮಠದ ಜಾತ್ರೆಯ ಹೊತ್ತಿಗೆ ಕೊಪ್ಪಳಕ್ಕೆ ಹೋಗುವುದಾದರೆ ಊರ ಹೊರಗೇ ಗಾಡಿ ಹಚ್ಚಿ, ಆಟೊದಲ್ಲಿ ಒಳಗೆ ಹೋಗಿ.

ಕೊಪ್ಪಳದಿಂದ ಕಿನ್ನಾಳ, ಕುಕನೂರು, ಇಟಗಿ. 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯಕ್ಕೆ ಇಡೀ ಮಧ್ಯಾಹ್ನ ಕೊಡಿ. ಸಂಜೆ ಬಿಸಿಲು ಓರೆಯಾದಾಗ ಗೋಡೆಯ ಕೆತ್ತನೆಯ ಆಳ ಕಣ್ಣಿಗೆ ಸರಿಯಾಗಿ ಸಿಗುತ್ತದೆ. ಗಂಗಾವತಿ ಕಡೆ ಆನೆಗೊಂದಿ, ಹಿರೇಬೆಣಕಲ್. ಹಿರೇಬೆಣಕಲ್ಲಿನ ಶಿಲಾಸಮಾಧಿಗಳಿಗೆ ಗುಡ್ಡ ಹತ್ತಬೇಕು, ದಾರಿಯಲ್ಲಿ ನೆರಳಿಲ್ಲ, ತಲಾ 3 ಲೀಟರ್ ನೀರು ಹೊತ್ತು ಬೆಳಗ್ಗೆ 7ಕ್ಕೇ ಹೊರಡಿ, ಊರಿನವರೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಈ ಗುಡ್ಡಗಳಲ್ಲಿ ಕರಡಿ, ಚಿರತೆ ಓಡಾಡುತ್ತವೆ, ಬೆಟ್ಟದ ಬುಡದಲ್ಲಿ ರಾತ್ರಿ ನಿಲ್ಲುವುದು ಬೇಡವೇ ಬೇಡ. ಆನೆಗೊಂದಿಯ ಹೋಂಸ್ಟೇಗಳಲ್ಲಿ ಅಂಗಳಕ್ಕೆ ಹಣ ಕೊಟ್ಟು ನಿಲ್ಲಿ.

ಸಿಂಧನೂರಿನ ಮೇಲೆ ಮಸ್ಕಿ. 1915ರಲ್ಲಿ ಪತ್ತೆಯಾದ ಇಲ್ಲಿಯ ಶಾಸನದಲ್ಲೇ ದೇವಾನಾಂಪ್ರಿಯ ಎಂಬ ಬಿರುದಿನ ದೊರೆ ಅಂದರೆ ಅಶೋಕ ಎಂಬುದು ಹೆಸರು ಸಹಿತ ಖಚಿತವಾಯಿತು. ಮುಂದೆ ಮುದಗಲ್ ಕೋಟೆ, ಕೃಷ್ಣೆಯ ದಡದ ಜಲದುರ್ಗ. ಲಿಂಗಸೂಗೂರಿನಿಂದ ರಾಯಚೂರು ಒಂದು ದಿನದ ಲೆಕ್ಕಕ್ಕೆ ತುಸು ದೂರವಾದರೂ ಬೇಗ ಹೊರಟರೆ ಆಗುತ್ತದೆ. ರಾಯಚೂರು ಕೋಟೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲಿನ ಮೇಲೆ 1294ರ ಶಾಸನವಿದೆ. ಮರಳಿ ಮಾನ್ವಿ, ಸಿಂಧನೂರು, ಸಿರುಗುಪ್ಪದ ಮೇಲೆ ಬಳ್ಳಾರಿ, ನಡುವೆ ಒಂದು ರಾತ್ರಿ ತಂಗಿ.

ರಾತ್ರಿ ನಿಲ್ಲಲು ದೊಡ್ಡ ಪೆಟ್ರೋಲ್ ಬಂಕು, ಕಲ್ಯಾಣ ಮಂಟಪ, ಮಠದ ಅಂಗಳ ಒಳ್ಳೆಯವು. ಬಂಕಿನಲ್ಲಿ ಒಲೆ ಹಚ್ಚಬಾರದು ಎಂಬುದನ್ನು ಮರೆಯಬೇಡಿ. ಇಬ್ಬರೂ ಇಳಿದು ಹೋಗಿ, “ಯಜಮಾನ್ರ, ಇದೊಂದು ರಾತ್ರಿ ಇಲ್ಲೇ ಗಾಡಿ ಹಚ್ಕೊಂಡು ಮಲಗ್ತೀವ್ರಿ, ಮುಂಜಾನೆ ಎದ್ದು ಹೋಗ್ತೀವಿ” ಎಂದು ಕೇಳಿ. ಗಂಡ-ಹೆಂಡತಿ ಇಬ್ಬರೂ ಎದುರು ನಿಂತರೆ ಅನುಮಾನ ಅರ್ಧ ಕಡಿಮೆಯಾಗುತ್ತದೆ.

ಇಬ್ಬರ ನಡುವೆ ಕೆಲಸ

ಹಿಂದಕ್ಕೆ ತೆಗೆಯುವಾಗ ಒಬ್ಬರು ಇಳಿದು, ಓಡಿಸುವವರ ಕನ್ನಡಿಯಲ್ಲಿ ಕಾಣುವ ಕಡೆ ನಿಲ್ಲಬೇಕು. ಕೂಗಬೇಡಿ, ಎಂಜಿನ್ ಸದ್ದಿನಲ್ಲಿ “ಬಾ” ಎಂಬುದೂ “ಸಾಕು” ಎಂಬುದೂ ಒಂದೇ ಥರ ಕೇಳುತ್ತದೆ. ಮುಷ್ಟಿ ಎತ್ತಿದರೆ ನಿಲ್ಲು. ಕನ್ನಡಿಯಿಂದ ಆಳು ಮರೆಯಾದರೂ ನಿಲ್ಲು. ಹೊರಡುವ ಮೊದಲು ಒಬ್ಬರು ಪಟ್ಟಿ ಓದಲಿ, ಇನ್ನೊಬ್ಬರು ಕೈಯಿಂದ ಮುಟ್ಟಿ ನೋಡಲಿ: ರೆಗ್ಯುಲೇಟರ್, ಚಾವಣಿಯ ಕಿಂಡಿ, ಸೋಲಾರ್ ವೈರು, ಪೆಟ್ಟಿಗೆಗಳ ಚಿಲಕ, ಮೆಟ್ಟಿಲು, ಗಾಲಿಗೆ ಇಟ್ಟ ಕಲ್ಲು. ಗಾಡಿಯ ಎತ್ತರವನ್ನು ದೊಡ್ಡಕ್ಷರದಲ್ಲಿ ಬರೆದು ಸ್ಟೀರಿಂಗ್ ಎದುರು ಅಂಟಿಸಿ, ರೈಲ್ವೆ ಅಂಡರ್‌ಪಾಸುಗಳಲ್ಲಿ ಬೇಕಾಗುತ್ತದೆ. ವಾರಕ್ಕೊಮ್ಮೆಯಾದರೂ ಕೆಲಸ ಅದಲುಬದಲು ಮಾಡಿಕೊಳ್ಳಿ. ಒಬ್ಬರಿಗೆ ಜ್ವರ ಬಂದ ದಿನ ಇನ್ನೊಬ್ಬರಿಗೆ ಗಾಡಿಯೂ ಗೊತ್ತಿರಬೇಕು, ಒಲೆಯೂ ಗೊತ್ತಿರಬೇಕು.

ಊರಿಗೆ ಬಂದ ಮೇಲೆ ಟ್ಯಾಂಕು ಪೂರ್ತಿ ಖಾಲಿ ಮಾಡಿ ಮುಚ್ಚಳ ತೆರೆದು ಒಣಗಿಸಿ. ಲಿಥಿಯಂ ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ, ಟ್ಯೂಬುಲರ್ ಆದರೆ ಪೂರ್ತಿ ತುಂಬಿಸಿ ಇಡಿ. ಸಂಡೂರಿನ ಕೆಂಪು ಧೂಳು ಏರ್ ಫಿಲ್ಟರಿನಲ್ಲಿ ಕೂತಿರುತ್ತದೆ, ಕಿಲೋಮೀಟರ್ ಲೆಕ್ಕ ನೋಡದೆ ಅದನ್ನು ಬದಲಿಸಿ.