ಸೇಲ್ಸ್‌ನವರ ದಿನ ಎಲ್ಲಿ ಸೋರುತ್ತದೆ?

ಸೇಲ್ಸ್‌ಗೆ ಹೊಸದಾಗಿ ಸೇರಿದವರನ್ನು ಜೊತೆಗೆ ಕರೆದುಕೊಂಡು ಓಡಾಡಿ ಕೆಲಸ ಕಲಿಸುವುದು ನನ್ನ ಪಾಲಿನ ಹೊಣೆ. ಬೆಳಗಿನಿಂದ ದುಡಿದು ಹೈರಾಣಾಗಿ, ಸಂಜೆ 'ಇವತ್ತು ಏನೇನಾಯ್ತು?' ಎಂದರೆ ಪೆಚ್ಚಾಗಿ ನಿಲ್ಲುವ ಹುಡುಗ ಹುಡುಗಿಯರನ್ನು ಎಷ್ಟೋ ಸಲ ನೋಡಿದ್ದೇನೆ. ಅವರಲ್ಲಿ ಮೈಗಳ್ಳರು ತೀರಾ ಕಡಿಮೆ. ಸಮಯ ಸೋರುವ ಜಾಗ ಅವರ ಕಣ್ಣಿಗೆ ಬಿದ್ದಿರುವುದಿಲ್ಲ.

ಹಂತ 1: ನಾಳೆ ಯಾರಿಗೆ ಫೋನ್, ಯಾರ ಭೇಟಿ ಎಂಬುದನ್ನು ಹೆಸರು, ನಂಬರ್ ಸಮೇತ ಇವತ್ತು ಸಂಜೆಯೇ ಬರೆದಿಡಿ. ಹತ್ತು ನಿಮಿಷದ ಕೆಲಸ.

ಹಂತ 2: ಬೆಳಗಿನ ಮೊದಲ ಒಂದೂವರೆ ಗಂಟೆ ಹೊಸ ಗ್ರಾಹಕರ ಕರೆಗೆ ಮೀಸಲು. ಇ-ಮೇಲ್ ತೆರೆಯಲೇಬೇಡಿ. ಅಪರಿಚಿತರಿಗೆ ಫೋನ್ ಮಾಡಲು ಎಲ್ಲರಿಗೂ ಅಳುಕು. ಅದನ್ನು ಮುಂದೂಡಲು ಕೊಟೇಷನ್ನಿನ ಅಕ್ಷರದ ಗಾತ್ರ ತಿದ್ದುತ್ತ ಕೂತವರನ್ನು ಕಂಡಿದ್ದೇನೆ. ಒಂದೇ ಸಮನೆ ಕೂರಲಾಗದಿದ್ದರೆ ಇಟಲಿಯ ಫ್ರಾನ್ಸೆಸ್ಕೊ ಸಿರಿಲ್ಲೊ ಎಂಬವರು 1980ರ ದಶಕದಲ್ಲಿ ಟೊಮೆಟೊ ಆಕಾರದ ಅಡುಗೆಮನೆ ಟೈಮರ್ ಇಟ್ಟುಕೊಂಡು ರೂಪಿಸಿದ ಪೊಮೊಡೊರೊ ಕ್ರಮ ಅನುಸರಿಸಿ: 25 ನಿಮಿಷ ಕೆಲಸ, 5 ನಿಮಿಷ ಬಿಡುವು. ಟೈಮರ್ ಮಾತ್ರ ಮೊಬೈಲಿನಲ್ಲಿ ಬೇಡ. ಅದನ್ನು ನಿಲ್ಲಿಸಲು ಹೋದ ಬೆರಳು ವಾಟ್ಸ್‌ಆ್ಯಪ್ ಒತ್ತಿರುತ್ತದೆ.

ಹಂತ 3: ಫಾಲೋ-ಅಪ್, ಅಂದರೆ ಒಮ್ಮೆ ಮಾತಾಡಿದ ಗ್ರಾಹಕರನ್ನು ಮತ್ತೆ ವಿಚಾರಿಸುವುದು. ಎಲ್ಲರೂ ಎಡವುವುದು ಇಲ್ಲೇ.

ಗ್ರಾಹಕರು 'ಮುಂದಿನ ವಾರ ಮಾತಾಡೋಣ' ಎನ್ನುತ್ತಾರೆ. ನಮ್ಮವರು 'ಆಯ್ತು ಸರ್' ಎಂದು ಫೋನ್ ಇಡುತ್ತಾರೆ. ಮುಂದಿನ ವಾರ ಒಮ್ಮೆ ಎತ್ತುವುದಿಲ್ಲ, ಒಮ್ಮೆ ಮೀಟಿಂಗ್, ಒಮ್ಮೆ ಡ್ರೈವಿಂಗ್. ಒಂದು ಉತ್ತರಕ್ಕೆ ಐದಾರು ಕರೆ. ಹೀಗೆ ಹತ್ತು ಗ್ರಾಹಕರಿದ್ದರೆ ದಿನ ಮುಗಿದೇ ಹೋಯಿತು.

ಫೋನ್ ಇಡುವ ಮೊದಲೇ 'ಸರ್, ಬುಧವಾರ ಹನ್ನೊಂದಕ್ಕೆ ಮಾಡಲಾ, ಗುರುವಾರ ನಾಲ್ಕಕ್ಕೆ ಮಾಡಲಾ?' ಎಂದು ಕೇಳಿ. 'ಯಾವಾಗ ಮಾಡಲಿ?' ಎಂದು ಕೇಳಿದರೆ 'ನಾನೇ ಹೇಳ್ತೀನಿ' ಎಂಬ ಉತ್ತರ ಬರುತ್ತದೆ, ಆ ಫೋನ್ ಬರುವುದಿಲ್ಲ. ಅವರು ಲೈನಿನಲ್ಲಿರುವಾಗಲೇ ಕ್ಯಾಲೆಂಡರಿಗೆ ಹಾಕಿ. 'ಅಷ್ಟರೊಳಗೆ ಅಕೌಂಟ್ಸ್‌ನವರನ್ನ ಕೇಳಿರ್ತೀರಲ್ವಾ ಸರ್?' ಎಂದು ಅವರ ಪಾಲಿನ ಕೆಲಸವನ್ನೂ ನೆನಪಿಸಿ.

ಮುಂದಿನ ನಂಬರ್ ಒತ್ತುವ ಮೊದಲು ಎರಡು ಸಾಲು ಬರೆಯಿರಿ. ಒಬ್ಬ ಹುಡುಗನ ಡೈರಿಯಲ್ಲಿ 'ಮೇಡಂ, ಫೈನಲ್, ಶುಕ್ರವಾರ' ಎಂದಷ್ಟೇ ಇತ್ತು. ಯಾವ ಮೇಡಂ, ಏನು ಫೈನಲ್ ಎಂದು ಅವನಿಗೇ ನೆನಪಿರಲಿಲ್ಲ. ಹುಡುಕಿ ಫೋನ್ ಮಾಡುವಷ್ಟರಲ್ಲಿ ಅವರು ಬೇರೆ ಕಡೆ ಆರ್ಡರ್ ಕೊಟ್ಟಾಗಿತ್ತು. 'ರೇಟ್ ಒಪ್ಪಿಗೆ. ಡೆಲಿವರಿ 15 ದಿನ ಆಗಲ್ಲ, 10 ಬೇಕು. ಗೋಡೌನ್‌ನಲ್ಲಿ ಕೇಳಿ ಬುಧವಾರ 11ಕ್ಕೆ ಹೇಳಬೇಕು.' ಹೀಗಿದ್ದರೆ ಬುಧವಾರದ ಮಾತು ಎರಡೇ ನಿಮಿಷದ್ದು.

ಸಂಜೆ ಒಟ್ಟಿಗೆ ಬರೆಯುತ್ತೇನೆ ಎನ್ನುವವರನ್ನು ನಾನು ನಂಬುವುದಿಲ್ಲ. ಸಂಜೆಗೆ ನೆನಪಿರುವುದು ಕೊನೆಯ ಎರಡು ಕರೆ. ಬಣ್ಣಬಣ್ಣದ ಪಟ್ಟಿ ತೋರಿಸುವ ಮೂರು ನಾಲ್ಕು ಆ್ಯಪ್ ಹಾಕಿಕೊಳ್ಳುವುದೂ ದಂಡ, ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಇರುವುದಿಲ್ಲ. ಕಂಪನಿಯ ಸಿಆರ್‌ಎಂ (ಗ್ರಾಹಕರ ವಿವರ, ಮಾತುಕತೆ ದಾಖಲಿಸುವ ಸಾಫ್ಟ್‌ವೇರ್) ಇದ್ದರೆ ಅದೊಂದೇ, ಇಲ್ಲದಿದ್ದರೆ ಒಂದು ಡೈರಿ.

ಒಪ್ಪಿದ ಸಮಯಕ್ಕೆ ಮೂರು ಸಲ ಮಾಡಿದರೂ ಸಿಗದವರನ್ನು ಮುಂದಿನ ತಿಂಗಳ ಪಟ್ಟಿಗೆ ದಾಟಿಸಿ. ಹಿಂದೆ ಬಿದ್ದಷ್ಟೂ ಅವರು ದೂರ ಹೋಗುತ್ತಾರೆ.

ಹಂತ 4: ಒಂದು ದಿನ ಒಂದೇ ದಿಕ್ಕಿನ ಭೇಟಿ. ಹೊರಡುವ ಮುಂಚೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.

ಹಂತ 5: ಕೊಟೇಷನ್, ರಿಪೋರ್ಟ್ ಊಟದ ಮೇಲೆ. ಹಳೆಯ ಗ್ರಾಹಕರ ಫೈಲನ್ನೇ ತಿದ್ದಿ ಕಳಿಸುವ ಅಡ್ಡದಾರಿ ಬೇಡ, ಎಲ್ಲೋ ಒಂದು ಮೂಲೆಯಲ್ಲಿ ಹಳೆಯ ಹೆಸರು ಉಳಿದಿರುತ್ತದೆ. ಹೆಸರು, ರೇಟ್ ಖಾಲಿ ಬಿಟ್ಟ ಮಾದರಿಯೊಂದನ್ನು ಸಿದ್ಧ ಇಟ್ಟುಕೊಳ್ಳಿ.

ಸಂಜೆ ಮತ್ತೆ ಪಟ್ಟಿಗೆ ಕೂತಾಗ, ನೀವೇ ದಿನದಿಂದ ದಿನಕ್ಕೆ ತಳ್ಳುತ್ತ ಬಂದ ಹೆಸರೊಂದು ಸಿಕ್ಕೇ ಸಿಗುತ್ತದೆ. ನಾಳೆಯ ಮೊದಲ ಕರೆ ಅವರಿಗೆ.